ರಾತ್ರಿ ಕಾಣದ ಜಾಕೆಟ್

ಮಾನ್ಯ ಸಂಪಾದಕರೇ,

ನಾನು ರಾತ್ರಿ ಹೊತ್ತು ಲಾರಿ ಓಡಿಸುವವನು. ರಸ್ತೆ ಕೆಲಸದವರಿಗೆ ರಿಫ್ಲೆಕ್ಟರ್ ಜಾಕೆಟ್ ಕೊಟ್ಟಾಯಿತು ಎಂದು ಗುತ್ತಿಗೆದಾರರು ಲೆಕ್ಕ ಬರೆದಿಡುತ್ತಾರೆ. ಅದು ಕಾಣುತ್ತದೆಯೇ ಎಂದು ಸ್ಟಿಯರಿಂಗ್ ಹಿಡಿದವರನ್ನು ಯಾರೂ ಕೇಳುವುದಿಲ್ಲ.

ಕಣ್ಣು ಕುಕ್ಕುವ ಹಳದಿ, ಕಿತ್ತಳೆ ಬಣ್ಣಗಳು ಹಗಲಿಗೆ ಸರಿ. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಕಾಣುವ ಬೆಳಕಾಗಿ ಬಿಡುವ ಬಣ್ಣಗಳವು. ಮೋಡ ಕವಿದಾಗಲೂ ಎದ್ದು ಕಾಣುವುದು ಅದಕ್ಕೇ. ಕತ್ತಲಾದ ಮೇಲೆ ನಮಗೆ ಸಿಗುವುದು ಬೂದು ಪಟ್ಟಿ ಮಾತ್ರ. ಅದರಲ್ಲಿರುವ ಸಣ್ಣ ಗಾಜಿನ ಮಣಿಗಳು ಹೆಡ್‌ಲೈಟ್ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುತ್ತವೆ. ಒಗೆದೊಗೆದು ಮಣಿ ಸವೆದಿದ್ದರೆ, ಡಾಂಬರು ಮೆತ್ತಿದ್ದರೆ ಅದು ಬರೀ ಬಟ್ಟೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಲೋಡ್ ಇದ್ದರೆ ಬ್ರೇಕ್ ತುಳಿದ ಕೂಡಲೇ ನಿಲ್ಲುವುದೂ ಇಲ್ಲ.

ಮಳೆಗಾಲದಲ್ಲಂತೂ ಇನ್ನೂ ಕಷ್ಟ. ಚರಂಡಿ ಬಿಡಿಸುತ್ತಿದ್ದ ಒಬ್ಬರು ಜಾಕೆಟ್ ಮೇಲೆ ಕಪ್ಪು ರೇನ್‌ಕೋಟ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು. ನನಗೆ ಕಂಡದ್ದು ಅವರ ಬಾಣಲಿಯ ಅಂಚು. ಅವರನ್ನು ಬೈದು ಪ್ರಯೋಜನವಿಲ್ಲ, ನೆನೆಯುತ್ತಾ ಯಾರು ಕೆಲಸ ಮಾಡುತ್ತಾರೆ? ಪಟ್ಟಿಯಿರುವ ರೇನ್‌ಕೋಟನ್ನೇ ಕೊಡಬೇಕಿತ್ತು.

ಇನ್ನೊಂದು ವಿಷಯ. ಎದೆಯ ಮೇಲಿನ ಪಟ್ಟಿ ಅಲುಗಾಡದೆ ನಿಂತರೆ ದೂರದಿಂದ ಅದು ಬ್ಯಾರಿಕೇಡೋ ಬೋರ್ಡೋ ತಿಳಿಯದು. ಮೊಣಕಾಲ ಕೆಳಗೆ, ತೋಳಿನಲ್ಲಿ ಪಟ್ಟಿಯಿದ್ದರೆ ಆ ಚಲನೆಯಿಂದಲೇ ಮನುಷ್ಯ ಎಂದು ಗೊತ್ತಾಗುತ್ತದೆ. ಎದ್ದು ಕಾಣುವ ಕೆಲಸದ ಉಡುಪುಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20471ರ ಮೂರನೇ, ಅಂದರೆ ಅತಿ ಹೆಚ್ಚು ಕಾಣುವ ದರ್ಜೆಯ ಉಡುಪಿಗೆ ಮೈಯ ಜೊತೆಗೆ ತೋಳು ಅಥವಾ ಕಾಲು ಮುಚ್ಚಿರಲೇಬೇಕು. ತೋಳಿಲ್ಲದ ಜಾಕೆಟ್ ಒಂದೇ ಆ ದರ್ಜೆಗೆ ಬರುವುದಿಲ್ಲ. ರಾತ್ರಿ ಕೆಲಸದ ಟೆಂಡರ್‌ನಲ್ಲಿ ಇದನ್ನು ಬರೆದೇ ಹಾಕಲಿ. (ಕೆಲಸದ ಜಾಗದ ಫ್ಲಡ್‌ಲೈಟನ್ನು ನಮ್ಮ ಮುಖಕ್ಕೆ ತಿರುಗಿಸಿಟ್ಟರೆ ಯಾವ ಜಾಕೆಟ್ಟೂ ಕಾಣುವುದಿಲ್ಲ ಎಂಬುದನ್ನೂ ಮೇಸ್ತ್ರಿಗಳು ಗಮನಿಸಬೇಕು.)

ಹಳೆ ಜಾಕೆಟ್ ಪರೀಕ್ಷೆಗೆ ಯಂತ್ರ ಬೇಡ. ಕತ್ತಲಲ್ಲಿ ಅದನ್ನು ಹೊಸದರ ಪಕ್ಕ ನೇತುಹಾಕಿ, ಇಪ್ಪತ್ತು ಮೂವತ್ತು ಹೆಜ್ಜೆ ದೂರ ನಿಂತು, ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ಬೆಳಕು ಬಿಡಿ. ಟಾರ್ಚ್ ಸೊಂಟದ ಹತ್ತಿರ ಹಿಡಿದರೆ ಬೆಳಕು ಅಲ್ಲಿಗೇ ಮರಳುತ್ತದೆ, ಕಣ್ಣಿಗೆ ಸಿಗದು. ಹಳೆಯದು ಮಂಕಾಗಿ ಕಂಡರೆ ಆ ರಾತ್ರಿಯ ಪಾಳಿಗೇ ಬೇರೆಯದು ಕೊಡಿ.

ಇಂತಿ,
ಒಬ್ಬ ಲಾರಿ ಚಾಲಕ