ಮಾತು ಮುಗಿಯುವ ತನಕ ಕಾದವರಿಗೆ

ಕಳೆದ ವಾರ ಆಫೀಸಿನಲ್ಲಿ ಒಂದು ಡಿಸೈನ್ ರಿವ್ಯೂ ಇತ್ತು, ಅಂದರೆ ಕೋಡ್ ಬರೆಯುವ ಮೊದಲು ಅದರ ಯೋಜನೆಯನ್ನು ಒರೆಗೆ ಹಚ್ಚುವ ಮೀಟಿಂಗ್. ಪೇಮೆಂಟ್ ಫೇಲ್ ಆದಾಗ ಮತ್ತೆ ಪ್ರಯತ್ನಿಸುವ ಭಾಗವನ್ನು ಹೊಸದಾಗಿ ಹೇಗೆ ಬರೆಯಬೇಕು ಅಂತ ಜರ್ಮನಿಯ ತಂಡಕ್ಕೆ ನಾನೇ ಇಂಗ್ಲಿಷಿನಲ್ಲಿ ವಿವರಿಸಬೇಕಿತ್ತು. ವಿವರಿಸಿದೆ. ಡಿಸೈನ್ ಪಾಸಾಯಿತು. ಬೇರೆಯವರಿಗೆ ಅದು ಇನ್ನೊಂದು ಮೀಟಿಂಗ್ ಅಷ್ಟೇ. ಕಾಸರಗೋಡಿನ ಬದಿಯಡ್ಕದ ಹತ್ತಿರ ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸ್ ಮುಗಿಸಿದ ನನಗೆ ಹಾಗಲ್ಲ. ಕೆಲವರಿಗೆ ಎಲ್ಲರ ಎದುರಿಗೇ ಥ್ಯಾಂಕ್ಸ್ ಹೇಳಬೇಕು ಅನಿಸಿತು.

ಮೊದಲು ನಮ್ಮ ಐಟಿ ಟೀಚರಿಗೆ. ಕೇರಳದ ಶಾಲೆಗಳಲ್ಲಿ ಐಟಿ ಅಂದರೆ ಲಿನಕ್ಸ್, ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಎಸ್ಸೆಸ್ಸೆಲ್ಸಿಗೆ ಐಟಿಯ ಪ್ರಾಕ್ಟಿಕಲ್ ಪರೀಕ್ಷೆಯೂ ಉಂಟು. ನಮ್ಮ ಪುಸ್ತಕ ಕನ್ನಡದಲ್ಲಿ, ಸ್ಕ್ರೀನಿನ ಮೇಲೆ ಬರುವ ಎರರ್ ಇಂಗ್ಲಿಷಿನಲ್ಲಿ. ಕೆಂಪು ಅಕ್ಷರ ಕಂಡ ಕೂಡಲೇ ನಾವು ವಿಂಡೋ ಮುಚ್ಚಲು ನೋಡುತ್ತಿದ್ದೆವು. ಟೀಚರ್ ಬಿಡುತ್ತಿರಲಿಲ್ಲ. "ಓಡ್ಬೇಡ, ಕೊನೆಯ ಗೆರೆ ಓದು" ಅನ್ನುತ್ತಿದ್ದರು. ನಾವು ಕಲಿಯುತ್ತಿದ್ದ ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಏನು ತಪ್ಪಾಗಿದೆ ಅಂತ ಕೊನೆಯ ಗೆರೆಯಲ್ಲೇ ಇರುತ್ತದೆ, ಎಲ್ಲಿ ತಪ್ಪಾಗಿದೆ ಅಂತ ಅದರ ಮೇಲೆ. ಮಾರ್ಕಿನ ಚಿಂತೆ ಇಲ್ಲದೆ ನಾನು ಓದಿದ ಮೊದಲ ಇಂಗ್ಲಿಷ್ ಅದು.

ಪ್ಲಸ್ ವನ್‌ನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ, ಪುಸ್ತಕ ಇಂಗ್ಲಿಷ್, ಪಾಠ ಮಲಯಾಳ. ಪಕ್ಕ ಕೂತಿದ್ದ ಗೆಳತಿ ಮೆಲ್ಲ ಕನ್ನಡದಲ್ಲಿ ಹೇಳಿಕೊಡುತ್ತಿದ್ದಳು. ಅವಳಿಲ್ಲದಿದ್ದರೆ ಫಿಸಿಕ್ಸ್ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹಾಗಂತ ನಮ್ಮೂರಲ್ಲಿ ಭಾಷೆಗೆ ಬರವಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪೇಟೆಯ ಅಂಗಡಿಯಲ್ಲಿ ಬ್ಯಾರಿ. ಯಾವುದನ್ನೂ ಯಾರೂ ಕೂರಿಸಿ ಕಲಿಸಿದ್ದಲ್ಲ. ತಪ್ಪಿದರೆ ನಗುತ್ತಿದ್ದರು, ಆದರೆ ಮಾತು ನಿಲ್ಲುತ್ತಿರಲಿಲ್ಲ. ಇಂಗ್ಲಿಷ್ ಮಾತ್ರ ಪ್ರಶ್ನೆಪತ್ರಿಕೆ ಹಿಡಿದುಕೊಂಡೇ ಬಂತು. ನಮ್ಮ ಹೆದರಿಕೆಗೆ ಅದೇ ಕಾರಣ ಅಂತ ನನಗೆ ಈಗಲೂ ಅನಿಸುತ್ತದೆ.

ಆ ಹೆದರಿಕೆ ಬಿಡಿಸಿದ್ದು ಕುಂಬಳೆಯ ಅಕ್ಕ. ಮಂಗಳೂರಿನ ಕಾಲೇಜಿಗೆ ಒಂದೇ ರೈಲಿನಲ್ಲಿ ಹೋಗುತ್ತಿದ್ದೆವು. ಕುಂಬಳೆಯಿಂದ ಉಪ್ಪಳದವರೆಗೆ ಇಂಗ್ಲಿಷ್ ಮಾತ್ರ, ಆಮೇಲೆ ನಿನ್ನಿಷ್ಟ ಅಂತ ಅವರದೇ ರೂಲು. ಉಪ್ಪಳ ಬಂತೋ, ನಾನು ತುಳುವಿಗೆ ಧುಮುಕುತ್ತಿದ್ದೆ. ಒಮ್ಮೆ ಎದುರು ಸೀಟಿನ ಅಜ್ಜ "ಇವತ್ತು ಇಂಟರ್‌ವ್ಯೂ ಉಂಟಾ ಮಗಾ?" ಅಂತ ಕೇಳಿದ್ದರು. ಅಕ್ಕ ನನ್ನ ವ್ಯಾಕರಣ ತಿದ್ದಿದ್ದು ಕಡಿಮೆ. ಪದ ಹುಡುಕುತ್ತಾ ನಾನು ಒದ್ದಾಡುವಾಗ ಕಿಟಕಿಯ ಹೊರಗೆ ನೋಡುತ್ತಾ ಸುಮ್ನೆ ಕೂರುತ್ತಿದ್ದರು. ಅದರ ಬೆಲೆ ಗೊತ್ತಾದದ್ದು ಮೊದಲ ಕಂಪೆನಿಯಲ್ಲಿ. ಅಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ಉಳಿದದ್ದನ್ನು ತಾವೇ ಹೇಳಿ ಮುಗಿಸುವವರು ಜಾಸ್ತಿ. ಒಳ್ಳೇ ಮನಸ್ಸಿನಿಂದಲೇ ಇರಬಹುದು. ಆದರೆ ಅವರು ಮುಗಿಸಿದ್ದು ನಾನು ಹೇಳಹೊರಟ ಮಾತಾಗಿರುತ್ತಿರಲಿಲ್ಲ. ಕೊನೆಗೆ ನಾನು ಮಾತೇ ಬಿಟ್ಟಿದ್ದೆ.

ಈಗಿನ ಕಂಪೆನಿಯ ಸೀನಿಯರ್ ನನ್ನನ್ನು ಬರವಣಿಗೆಯಿಂದ ಮಾತಿಗೆ ತಂದರು. ನಾನು ಕೋಡ್ ಕಳಿಸುವಾಗ ಒಂದು ಗೆರೆ ಗೀಚಿ ಸುಮ್ಮನಾಗುತ್ತಿದ್ದೆ. ಅವರು ಪ್ರತಿ ಸಲವೂ ಕೆಳಗೆ ಕೇಳುತ್ತಿದ್ದರು: ಏನು ಕೆಟ್ಟಿತ್ತು? ಯಾಕೆ ಹೀಗೆ ಸರಿ ಮಾಡಿದಿರಿ? ಸರಿಯಾಯಿತು ಅಂತ ಹೇಗೆ ನೋಡಿದಿರಿ? ಸ್ಪೆಲ್ಲಿಂಗ್ ಬಗ್ಗೆ ಚಕಾರವಿಲ್ಲ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಪ್ರತಿ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ, ಅಂದರೆ ಕಮಿಟ್ ಮೆಸೇಜ್, ಬರೆಯುವ ಪದ್ಧತಿಯನ್ನೂ ಅವರೇ ಹೇಳಿದರು. ಮೊದಲ ಗೆರೆ ಸುಮಾರು 50 ಅಕ್ಷರದೊಳಗೆ, ಒಂದು ಗೆರೆ ಖಾಲಿ, ಆಮೇಲೆ ಕಾರಣ. ಮೊದಲ ಗೆರೆಯನ್ನು ಯಾರಿಗೋ ಕೆಲಸ ಹೇಳಿದ ಹಾಗೆ ಬರೆಯಬೇಕು: ಇದನ್ನು ಸೇರಿಸು, ಅದನ್ನು ತೆಗೆ. ಅಲ್ಲಿ ಭೂತಕಾಲವೂ ಇಲ್ಲ, ಭವಿಷ್ಯವೂ ಇಲ್ಲ. ನನ್ನಂಥವಳಿಗೆ ಎಂಥ ನೆಮ್ಮದಿ! ಹಾಗೆ ಬರೆದೂ ಬರೆದೂ ಕಾರಣ ಹೇಳುವುದು ರೂಢಿಯಾಯಿತು. ಮೀಟಿಂಗಿನಲ್ಲಿ ಬೇಕಾಗುವುದೂ ಅದೇ ಅಲ್ವಾ?

ರಿವ್ಯೂ ದಿನ ಜರ್ಮನಿಯವರೊಬ್ಬರು ಕೇಳಿದರು: ಉತ್ತರ ಬರುವ ಮೊದಲೇ ನೆಟ್‌ವರ್ಕ್ ಹೋದರೆ? ಮತ್ತೆ ಕಳಿಸಿದಾಗ ಗ್ರಾಹಕರ ದುಡ್ಡು ಎರಡು ಸಲ ಹೋಗುವುದಿಲ್ಲವೇ? ಉತ್ತರ ಗೊತ್ತಿತ್ತು. ಪ್ರತಿ ಪಾವತಿಗೂ ಒಂದು ಕೀ, ಅಂದರೆ ಅದರದೇ ಗುರುತು, ಇರುತ್ತದೆ; ಅದೇ ಕೀ ಮತ್ತೆ ಬಂದರೆ ಸರ್ವರ್ ಹೊಸದಾಗಿ ದುಡ್ಡು ತೆಗೆಯದೆ ಹಳೆಯ ಉತ್ತರವನ್ನೇ ಕೊಡುತ್ತದೆ. ಇಷ್ಟೇ. ಆದರೆ ಅರ್ಧದಲ್ಲಿ ಪದ ಸಿಗದೆ ನಿಂತೆ. ಯಾರೂ ಬಾಯಿ ಹಾಕಲಿಲ್ಲ. ಸೀನಿಯರ್ ಮ್ಯೂಟ್‌ನಲ್ಲೇ ಇದ್ದರು. ನಾನೇ ಮುಗಿಸಿದೆ. ಪ್ರಶ್ನೆ ಕೇಳಿದವರೂ ಪದ ಹುಡುಕಿ ಹುಡುಕಿ ಕೇಳಿದ್ದರು ಅನ್ನುವುದು ಆಮೇಲೆ ಹೊಳೆಯಿತು. ಅವರಿಗೂ ಅದು ಕಲಿತ ಭಾಷೆಯೇ. ಅವರಿಗೆಲ್ಲ ಥ್ಯಾಂಕ್ಸ್.

ಇನ್ನು ಅಮ್ಮ. ರಿವ್ಯೂಗೆ ಹಿಂದಿನ ವಾರ ಊರಿಗೆ ಹೋಗಿದ್ದಾಗ, ಹಲಸಿನ ಸೊಳೆ ಬಿಡಿಸುತ್ತಿದ್ದ ಅಮ್ಮನ ಎದುರು ರಿವ್ಯೂನಲ್ಲಿ ಹೇಳಬೇಕಾದ್ದನ್ನು ಪೂರ್ತಿ ಒಪ್ಪಿಸಿದ್ದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಪೂರ್ತಿ ಕೇಳಿ, ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಎಂತದು ಬೇಸಿಕಲಿ ಬೇಸಿಕಲಿ ಅಂತ ಮತ್ತೆ ಮತ್ತೆ? ಅದೊಂದು ಬಿಡು" ಅಂದರು. ಬಿಟ್ಟೆ. ಇಡೀ ರಿವ್ಯೂನಲ್ಲಿ ನನಗೆ ಸಿಕ್ಕಿದ ಅತಿ ಒಳ್ಳೆಯ ಕಾಮೆಂಟ್ ಅದು ಅಂತ ಸೀನಿಯರ್ ಕೂಡ ಒಪ್ಪಿದ್ದಾರೆ.