ಕೊನೆಯ ಸಾಲು ಓದಿಕೊಟ್ಟವರಿಗೆ

ನಮ್ಮ ಎಂ.ಎ. ಇತಿಹಾಸ ವಿಭಾಗದ ಸೆಮಿನಾರ್ ಕಳೆದ ಶನಿವಾರ ಮುಗಿಯಿತು. ಐದು ಜನ ಸೇರಿ ಏಳು ತಿಂಗಳು ಓಡಾಡಿ ಮಾಡಿದ ಕೆಲಸವನ್ನು ನಲವತ್ತು ನಿಮಿಷದಲ್ಲಿ ಹೇಳಬೇಕಿತ್ತು. ಕೊನೆಯಲ್ಲಿ ವಂದನೆ ಹೇಳುವ ಸರದಿ ನನ್ನದು. ಬಾಯಿ ತೆರೆಯುವಷ್ಟರಲ್ಲಿ ಸಮಯವಾಯಿತೆಂದು ಬೆಲ್ ಬಾರಿಸಿದರು. ಅಲ್ಲಿ ಉಳಿದುಹೋದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ 10ನೇ ಸಂಪುಟ ಕೋಲಾರ ಜಿಲ್ಲೆಯದು. 1905ರಲ್ಲಿ ಅಚ್ಚಾಯಿತು. ಅದರಲ್ಲಿ ಕೆರೆ, ತೂಬು (ಕೆರೆಯಿಂದ ನೀರು ಬಿಡುವ ಕಿಂಡಿ), ಕಾಲುವೆಗಳ ಮಾತು ಬರುವ 32 ಶಾಸನಗಳನ್ನು ಆರಿಸಿಕೊಂಡು, ಆ ಕಲ್ಲುಗಳು ಈಗ ಎಲ್ಲಿವೆ, ಹೇಗಿವೆ, ಊರಿನವರು ಅವನ್ನು ಏನೆಂದು ಕರೆಯುತ್ತಾರೆ ಎಂದು ನೋಡಿ ಬರೆದಿಡುವುದು ನಮ್ಮ ಕೆಲಸ. ಹೇಳುವಾಗ ಸುಲಭ. ಸಂಪುಟ ತೆರೆದರೆ ಬಂಗಾರಪೇಟೆ ಎಂಬ ತಾಲ್ಲೂಕೇ ಸಿಗುವುದಿಲ್ಲ, ಆಗ ಅದು ಬೌರಿಂಗ್‌ಪೇಟೆ. ಚಿಂತಾಮಣಿ, ಚಿಕ್ಕಬಳ್ಳಾಪುರದ ಕಲ್ಲುಗಳೂ ಅದರಲ್ಲೇ ಇವೆ, 2007ರವರೆಗೂ ಅವು ನಮ್ಮ ಜಿಲ್ಲೆಯವೇ. ಕೆಲವು ಊರುಗಳ ಹೆಸರು ಬದಲಾಗಿದೆ, ಕೆಲವು ಜನರೆಲ್ಲ ಬಿಟ್ಟುಹೋಗಿ ಬೇಚರಾಕ್ ಆಗಿವೆ. ಒಂದು ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿತ್ತು. ಆ ಮನೆಯ ಅಮ್ಮ ನಮ್ಮ ಮುಂದೆಯೇ ಅದನ್ನು ತೊಳೆದು, ಬೇರೆ ಕಲ್ಲು ತರಿಸಿಕೊಂಡು, ಇದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಅಮ್ಮಾ, ಅವತ್ತು ನೀವು ಕೊಟ್ಟ ಮಜ್ಜಿಗೆಯನ್ನೂ ಮರೆತಿಲ್ಲ.

ನಾವು ಐವರೂ ಇದೇ ಜಿಲ್ಲೆಯವರು, ಆದರೆ ಮನೆಮಾತು ಬೇರೆ ಬೇರೆ. ನಾನು ಮಾಲೂರಿನವಳು, ಮನೆಯಲ್ಲಿ ಕನ್ನಡ. ಶ್ರೀನಿವಾಸಪುರದ ಗೆಳೆಯನ ಮನೆಯಲ್ಲಿ ತೆಲುಗು, ಕೆ.ಜಿ.ಎಫ್. ಗೆಳೆಯನ ಮನೆಯಲ್ಲಿ ತಮಿಳು, ಮುಳಬಾಗಿಲಿನ ಗೆಳತಿಯ ಮನೆಯಲ್ಲಿ ಉರ್ದು. ಐದನೆಯವಳು ಕೋಲಾರ ಪೇಟೆಯವಳು, ನಾಲ್ಕನ್ನೂ ಬೀದಿಯಲ್ಲೇ ಕಲಿತವಳು. ಇಲ್ಲಿ ಸುಮಾರು ನೂರು ವರ್ಷ ಚೋಳರ ಆಳ್ವಿಕೆಯಿದ್ದುದರಿಂದ ಆ ಕಾಲದ ಶಾಸನಗಳು ಬಹುಪಾಲು ತಮಿಳಿನವು. ಕನ್ನಡದ ‘ತೂಬು’ ತಮಿಳಿನಲ್ಲಿ ‘ತೂಂಬು’, ತೆಲುಗಿನಲ್ಲಿ ‘ತೂಮು’. ಮೂರು ಕಡೆ ಬೇರೆ ಬೇರೆ ಪದ ಎಂದುಕೊಂಡು ಮೂರು ಪಟ್ಟಿ ಮಾಡಿದ್ದೆವು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೂವರೂ ಜೋರಾಗಿ ಓದಿದಾಗಲೇ ಮೂರೂ ಒಂದೇ ಎಂದು ಹೊಳೆದದ್ದು.

ಮೊದಲ ಕಿರು ಮಂಡನೆ ನವೆಂಬರ್‌ನಲ್ಲಿತ್ತು. ಆಗ ನಾವು ಗುಂಪಾಗಿರಲಿಲ್ಲ. ತಾಲ್ಲೂಕುಗಳನ್ನು ಹಂಚಿಕೊಂಡು, ಅವರವರ ಪಾಲು ಅವರವರು ಬರೆದು, ಹಿಂದಿನ ರಾತ್ರಿ ಒಂದೇ ಫೈಲಿಗೆ ಅಂಟಿಸಿದ್ದೆವು, ಅಷ್ಟೇ. ನಮಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಎರಡು ಪುಟ ತಿರುಗಿಸಿ, “ಸಿಕ್ಕ ಕಲ್ಲು ಒಟ್ಟು ಎಷ್ಟು?” ಎಂದರು. ಒಬ್ಬ 19 ಎಂದ, ಇನ್ನೊಬ್ಬಳು 22 ಎಂದಳು, ನಾನು ಸುಮ್ಮನಿದ್ದೆ. ಫೈಲು ಮುಚ್ಚಿ ವಾಪಸ್ ಕೊಟ್ಟರು. ಬೈಯಲಿಲ್ಲ. “ಇದು ಐದು ವರದಿ. ನನಗೆ ಒಂದು ಬೇಕು” ಎಂದರು. ಅವತ್ತೇ ಒಂದು ಕಟ್ಟಳೆ ಹಾಕಿಕೊಟ್ಟರು: ಯಾವ ಕಲ್ಲನ್ನಾದರೂ ಇಬ್ಬರು ಓದಬೇಕು, ಒಬ್ಬರದನ್ನು ಇನ್ನೊಬ್ಬರು ನೋಡಕೂಡದು, ಮೂರನೆಯವರು ಎರಡನ್ನೂ ಎದುರಿಗಿಟ್ಟು ತಾಳೆ ನೋಡಬೇಕು. ಮೇಡಂ, ಆ ಕಟ್ಟಳೆಗೆ ನಾನು ಒಳಗೊಳಗೇ ಎಷ್ಟು ಸಿಟ್ಟಾಗಿದ್ದೆ ಎಂದು ನಿಮಗೆ ಗೊತ್ತಿಲ್ಲ.

ಸಿಟ್ಟಿಗೆ ಕಾರಣವಿತ್ತು. ಆ ಹೊತ್ತಿಗೆ ನನಗೊಂದು ಕಲ್ಲು ಸಿಕ್ಕಿತ್ತು, ಸಂಪುಟದಲ್ಲಿ ಇಲ್ಲದ್ದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ನಮ್ಮ ಕಡೆಯ ಎಷ್ಟೋ ಕೆರೆಗಳು ತುಂಬಿವೆ. ಈ ಕಲ್ಲು ಏರಿಯ ಒಳಮೈಯಲ್ಲಿ, ಅರ್ಧ ನೀರಿನಲ್ಲಿತ್ತು. ನೆತ್ತಿಯಲ್ಲಿ ಸೂರ್ಯ ಚಂದ್ರ, ಕೆಳಗೆ ಸವೆದ ಸಾಲುಗಳು. ನೀರಿನಂಚಿನ ಕಟ್ಟಕಡೆಯ ಸಾಲಿನಲ್ಲಿ ನಾನು ಓದಿದ್ದು: ‘ಕಮಲೆಯ ಕೊ’. ಮುಂದಿನದು ಒಡೆದುಹೋಗಿತ್ತು. ‘ಕೊಡಗಿ’, ಅಂದರೆ ಕೆರೆಗಾಗಿ ಬಿಟ್ಟ ಭೂಮಿ, ಎಂದು ನಾನೇ ತುಂಬಿದೆ. ಕಮಲೆಯ ಕೊಡಗಿ! ಕೆರೆಗೆ ಭೂಮಿ ಬಿಟ್ಟುಕೊಟ್ಟ ಹೆಂಗಸೊಬ್ಬಳು, ಇಲ್ಲಿಯವರೆಗೆ ಯಾರೂ ಕಾಣದವಳು. ಅವಳ ಮೇಲೆ ಹನ್ನೊಂದು ಪುಟ ಬರೆದೆ. ನಮ್ಮಜ್ಜಿಗೆ ಫೋನಿನಲ್ಲಿ ಅವಳ ಕಥೆ ಹೇಳಿದೆ.

ಎರಡನೇ ಓದು ಶ್ರೀನಿವಾಸಪುರದ ಗೆಳೆಯನ ಪಾಲಿಗೆ ಬಂತು. ಅವನ ಹಾಳೆಯಲ್ಲಿ ಕೊನೆಯ ಸಾಲು ಹೀಗಿತ್ತು: ಕ, ಒಂದು ಚುಕ್ಕಿ, ಲೆಯ, ಕೊ, ಮತ್ತೆ ಚುಕ್ಕಿಗಳು. ನಾನು ಅಕ್ಷರ ತುಂಬಿದ ಕಡೆ ಅವನು ಚುಕ್ಕಿ ಇಟ್ಟಿದ್ದ. ಕೇಳಿದ್ದಕ್ಕೆ, “ಕಾಣಲಿಲ್ಲ ಅಕ್ಕ, ಅದಕ್ಕೇ ಬರೀಲಿಲ್ಲ” ಎಂದ. ಮೂರು ದಿನ ನಾನು ಅವನ ಹತ್ತಿರ ಮಾತಾಡಲಿಲ್ಲ. ತಮ್ಮಾ, ಆ ಮೂರು ದಿನಕ್ಕೆ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ. ಕಾಣದ್ದನ್ನು ಕಾಣದೆ ಬಿಡಲು ನನಗೆ ಬಾರದ ಧೈರ್ಯ ನಿನಗಿತ್ತು.

ಏಪ್ರಿಲ್‌ನಲ್ಲಿ ನೀರು ಇಳಿದ ಮೇಲೆ ಐವರೂ ಹೋದೆವು. ಕಲ್ಲಿಗೆ ಸುಣ್ಣ, ಹಿಟ್ಟು ಏನನ್ನೂ ಬಳಿಯಬಾರದೆಂದು ಮೇಡಂ ಮೊದಲೇ ಹೇಳಿದ್ದರು. ಮೆತ್ತನೆ ಬ್ರಷ್‌ನಿಂದ ನೀರು ಹಾಕಿ ಪಾಚಿ ತೆಗೆದು, ಕತ್ತಲಾಗುವವರೆಗೆ ಏರಿಯ ಮೇಲೆ ಕೂತೆವು. ಕೋಲಾರದ ಗೆಳತಿ ಹಾಳೆ ಹಿಡಿದಳು, ಕೆ.ಜಿ.ಎಫ್. ಗೆಳೆಯ ಫೋಟೊಗೆ ನಿಂತ, ಮುಳಬಾಗಿಲಿನ ಗೆಳತಿ ಟಾರ್ಚ್ ಹಿಡಿದಳು. ಎದುರಿನಿಂದ ಬೆಳಕು ಬಿಟ್ಟರೆ ಕಲ್ಲು ಬರೀ ನುಣ್ಣಗೆ ಕಾಣುತ್ತದೆ. ಕಲ್ಲಿಗೆ ತಾಗಿಸಿದಂತೆ ಪಕ್ಕದಿಂದ ಬಿಟ್ಟರೆ ಅಕ್ಷರದ ಗುಣಿಯಲ್ಲಿ ನೆರಳು ತುಂಬಿಕೊಳ್ಳುತ್ತದೆ. ಎಡಗಡೆಯಿಂದ ಹಿಡಿದಳು, ‘ಮ’ ಎಂದೇ ಕಂಡಿತು. ನಾನು ಗೆದ್ದೆನೆಂದುಕೊಂಡೆ. ಬಲಗಡೆಗೆ ಹೋದಳು. ಎರಡನೆಯ ಅಕ್ಷರದ ತಲೆಯ ಮೇಲೆ ಸಣ್ಣದೊಂದು ಬಾಗು, ಗುಡಿಸು, ನಿಧಾನಕ್ಕೆ ಎದ್ದು ಬಂತು. ಹಳೆಯ ಲಿಪಿಯಲ್ಲಿ ‘ಮ’ಕ್ಕೂ ‘ವ’ಕ್ಕೂ ವ್ಯತ್ಯಾಸ ಬಹಳ ಕಡಿಮೆ. ಅದು ‘ವಿ’. ‘ಕೊ’ದ ಪಕ್ಕ, ಪಾಚಿ ಕೂತಿದ್ದ ಕಡೆ, ಒಂದು ಪುಟ್ಟ ಸೊನ್ನೆ.

ಟಾರ್ಚ್ ಹಿಡಿದವಳೇ ಮೊದಲು ಹೇಳಿದ್ದು: “ಕವಿಲೆಯ ಕೊಂದ. ಇದು ಶಾಪ ಕಣೇ. ಗಂಗೆಯ ತಡಿಯಲ್ಲಿ ಕವಿಲೆಯ ಕೊಂದ ಪಾಪ.”

ಶಾಸನಗಳ ಕೊನೆಯಲ್ಲಿ ಬರುವ ಮಾತು ಅದು. ಈ ಧರ್ಮವನ್ನು ಅಳಿದವರು ಗಂಗೆಯ ದಡದಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂದು. ನಮ್ಮ ಕೆಲಸ ಹಂಚುವಾಗ ಈ ಶಾಪದ ಸಾಲುಗಳನ್ನು ರಿಜಿಸ್ಟರಿಗೆ ನಕಲು ಮಾಡುವ ಕೆಲಸವನ್ನು ಅವಳಿಗೆ ಕೊಟ್ಟಿದ್ದೆವು. ಎಲ್ಲಕ್ಕಿಂತ ಹಗುರ, ಯಾರು ಬೇಕಾದರೂ ಮಾಡಬಹುದು ಎಂದು ನಾನೇ ಹೇಳಿದ್ದೆ. ಅವಳು ಒಂದೂ ಬಿಡದೆ, ಸಂಪುಟದ ಬೇರೆ ಶಾಸನಗಳಿಂದಲೂ ಹುಡುಕಿ ಬರೆದಿದ್ದಳು. ಬರೆದೂ ಬರೆದೂ ಅವಳ ಕಣ್ಣಿಗೆ ಆ ಸಾಲು ಕೂತುಬಿಟ್ಟಿತ್ತು. ಗೆಳತಿ, ಹಗುರ ಎಂದ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಆ ರಾತ್ರಿ ಬಸ್ಸಿನಲ್ಲಿ ಕಮಲೆಗಾಗಿ ಅಳುತ್ತಿದ್ದಾಗ ನೀನು ಏನೂ ಹೇಳದೆ ನನ್ನ ಬ್ಯಾಗು ಮಡಿಲಲ್ಲಿಟ್ಟುಕೊಂಡೆಯಲ್ಲ, ಅದಕ್ಕೂ.

ಹನ್ನೊಂದು ಪುಟ ಹೋದವು. ಅದೇ ಕಲ್ಲಿನ ನಡುವಿನ ಸಾಲುಗಳಲ್ಲಿ ‘ದಶವಂದ’ ಎಂಬ ಪದ ಸಿಕ್ಕಿತು. ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಪಾಡಿಕೊಂಡು ಬಂದವರಿಗೆ ಅದರ ನೀರಿನ ಗದ್ದೆಯಲ್ಲಿ ಹತ್ತರಲ್ಲೊಂದು ಪಾಲು ಬಿಟ್ಟುಕೊಡುವ ಏರ್ಪಾಟು. ಯಾರಿಗೆ ಕೊಟ್ಟರೆಂಬ ಹೆಸರು ಸವೆದುಹೋಗಿದೆ. ಅಲ್ಲಿ ಚುಕ್ಕಿಗಳನ್ನೇ ಇಟ್ಟಿದ್ದೇವೆ. ಗದ್ದೆ ‘ಮೂಡಣ ತೂಬಿನ ಕೆಳಗೆ’ ಎಂದಿದೆ, ಈಗ ಆ ಕೆರೆಗಿರುವುದು ಒಂದೇ ತೂಬು, ಅದೂ ಪಡುವಣಕ್ಕೆ. ಕೆರೆಯ ನೀರು ಬಿಡುವ ಕೆಲಸದ, ಊರಿನ ನೀರುಗಂಟಿ ತಾತ ನಮ್ಮನ್ನು ಏರಿಯುದ್ದಕ್ಕೂ ಕರೆದುಕೊಂಡು ಹೋಗಿ, ಜಾಲಿ ಪೊದೆಯೊಳಗೆ ಎರಡು ಕಲ್ಲುಕಂಬ ತೋರಿಸಿ, “ನಮ್ಮಪ್ಪನ ಕಾಲಕ್ಕೇ ಇದು ಮುಚ್ಚೋಗಿತ್ತಮ್ಮ” ಎಂದರು. ಆ ತಾತ ಇಲ್ಲದಿದ್ದರೆ ಮೂಡಣ ತೂಬನ್ನೂ ನಾನು ತಪ್ಪು ಓದು ಎಂದು ಬಿಟ್ಟುಬಿಡುತ್ತಿದ್ದೆ. ಓದಿದ ಪಾಠವನ್ನು ದೊಡ್ಡ ಅಕ್ಷರದಲ್ಲಿ ಬರೆದು ಪಂಚಾಯಿತಿಗೆ ಕೊಟ್ಟ ದಿನ ತಾತ ಅದನ್ನು ಎರಡು ಸಲ ಓದಿಸಿ ಕೇಳಿದರು. ಶಾಪದ ಸಾಲಿಗೆ ಬಂದಾಗ ಕೈಮುಗಿದರು.

ನಿಧಿಗಾಗಿ ಅಗೆಯಲು ಬಂದವರೆಂದು ನಮ್ಮನ್ನು ಮೊದಲು ತಡೆದು, ಆಮೇಲೆ ತಾವೇ ಕುಡುಗೋಲು ತಂದು ಪೊದೆ ಸವರಿಕೊಟ್ಟ ಊರುಗಳ ಅಣ್ಣಂದಿರಿಗೆ, ವಾರವಾರವೂ ಬೈಕ್ ಕೊಟ್ಟ ಕೆ.ಜಿ.ಎಫ್. ಗೆಳೆಯನ ಮಾವನಿಗೆ, ಹೆಣ್ಣುಮಕ್ಕಳು ಕತ್ತಲಾದ ಮೇಲೆ ಕೆರೆ ಏರಿಯಲ್ಲಿದ್ದಾರೆಂದು ಗೊತ್ತಿದ್ದೂ ನಂಬಿ ಕಳಿಸಿದ ನಮ್ಮ ಮೂವರ ಮನೆಯವರಿಗೆ ಋಣಿ.

ಮುಂದಿನ ಬ್ಯಾಚಿನ ತಂಗಿ ತಮ್ಮಂದಿರಿಗೆ ಒಂದು ಮಾತು. 32ರಲ್ಲಿ ನಮಗೆ ಸಿಕ್ಕಿದ್ದು 23. ಸಿಗದ ಒಂಬತ್ತರ ಪಟ್ಟಿ, ಊರಿನ ಹಳೆಯ ಹೊಸ ಹೆಸರುಗಳ ಸಮೇತ, ರಿಜಿಸ್ಟರಿನ ಕೊನೆಯಲ್ಲಿದೆ. ರಿಜಿಸ್ಟರು, ಬ್ರಷ್, ಟಾರ್ಚ್ ವಿಭಾಗದ ಬೀರುವಿನಲ್ಲಿವೆ. ಬೀಗದ ಕೈ ಅಟೆಂಡರ್ ಅಣ್ಣನ ಹತ್ತಿರ ಕೇಳಿ.