ಈಸ್ಟ್ ಲ್ಯಾಬ್ ಬೇಡ ಅನ್ನುವ ಮಗಳಿಗೊಂದು ಪತ್ರ

ನವನಗರ, ಬಾಗಲಕೋಟೆ

ಪ್ರೀತಿಯ ಅವ್ವಿ,

ಪಿಎಚ್‌ಡಿಗೆ ಎರಡು ಕಡೆ ಸೀಟು ಸಿಕ್ಕ ಸುದ್ದಿ ಕೇಳಿ ನಿಮ್ಮಪ್ಪ ಓಣಿ ತುಂಬ ಪೇಢೆ ಹಂಚಿ ಬಂದರು. ನನಗೂ ಖುಷಿ ತಡೆಯೋಕಾಗಲಿಲ್ಲ. ಆದರೆ ಫೋನ್ ಇಡುವ ಮೊದಲು ನೀನು ಕೇಳಿದ ಮಾತು ತಲೆಯಲ್ಲೇ ಉಳಿದಿದೆ. ಒಂದು ಲ್ಯಾಬ್ ಕ್ಯಾನ್ಸರ್ ಮೇಲೆ ಕೆಲಸ ಮಾಡುತ್ತದೆ, ಇನ್ನೊಂದು ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಈಸ್ಟ್‌ನಲ್ಲಿ ಆರ್‌ಎನ್‌ಎ ಸ್ಪ್ಲೈಸಿಂಗ್ ನೋಡುತ್ತದೆ. "ಈಸ್ಟ್‌ನಿಂದ ಯಾವ ಪೇಶಂಟ್‌ಗೆ ಏನು ಸಿಗ್ತೈತಿ ಅವ್ವಾ?" ಅಂದೆ. ಫೋನಿನಲ್ಲಿ ಹೇಳೋಕೆ ಹೋದರೆ ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕೊನೆತನಕ ಓದು.

ಲ್ಯಾಬ್ ಆರಿಸುವಾಗ ರೋಗದ ಹೆಸರು ನೋಡಿ ಆರಿಸಬೇಡ. ಅಲ್ಲಿ ಯಾವ ಪ್ರಶ್ನೆ ಕೇಳುತ್ತಿದ್ದಾರೆ ಅಂತ ನೋಡು. ಇಷ್ಟೇ ನನ್ನ ಮಾತು, ಯಾಕೆ ಅಂತ ಹೇಳುತ್ತೇನೆ.

ನಾನು ಹೈದರಾಬಾದಿನಲ್ಲಿ ಪಿಎಚ್‌ಡಿ ಮಾಡಿದ್ದು ಥಲಸ್ಸೀಮಿಯಾ ಅನ್ನುವ ರಕ್ತದ ರೋಗದ ಮೇಲೆ ಅಂತ ನಿನಗೆ ಗೊತ್ತು. ಜೀನಿನಿಂದ ಆರ್‌ಎನ್‌ಎ ನಕಲಾದಾಗ ಅದರಲ್ಲಿ ಇಂಟ್ರಾನ್ ಅನ್ನುವ ಬೇಡದ ತುಂಡುಗಳೂ ಬಂದಿರುತ್ತವೆ. ಅವನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸಬೇಕು, ಅದೇ ಸ್ಪ್ಲೈಸಿಂಗ್. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುತ್ತಾರಲ್ಲ, ಅಂಥ ಕಣ್ಣಳತೆಯ ಕೆಲಸ ಅದು. ನಮ್ಮ ದೇಶದ ಬೀಟಾ ಥಲಸ್ಸೀಮಿಯಾ ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಮ್ಯುಟೇಶನ್, ಅಂದರೆ ಜೀನಿನ ಬರಹದ ತಪ್ಪು, ಇರುವುದು ಹಿಮೋಗ್ಲೋಬಿನ್‌ನ ಒಂದು ಭಾಗ ಮಾಡುವ ಬೀಟಾ ಗ್ಲೋಬಿನ್ ಜೀನಿನ ಮೊದಲ ಇಂಟ್ರಾನಿನ ಐದನೇ ಅಕ್ಷರದಲ್ಲಿ. ಜಿ ಇರಬೇಕಾದಲ್ಲಿ ಸಿ. ಬೇರೇನೂ ಇಲ್ಲ. ಆ ಒಂದಕ್ಷರಕ್ಕೆ ಆರ್‌ಎನ್‌ಎ ಬೇರೆ ಕಡೆ ಕತ್ತರಿಸಿಹೋಗುತ್ತದೆ, ಹಿಮೋಗ್ಲೋಬಿನ್ ಸಾಕಷ್ಟು ಆಗುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಅದು ಬಂದಿದ್ದರೆ ಆ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಆ ರಕ್ತದಿಂದ ಬಂದ ಕಬ್ಬಿಣ ಹೃದಯದಲ್ಲಿ, ಲಿವರ್‌ನಲ್ಲಿ ಕೂರದ ಹಾಗೆ ಅದಕ್ಕೂ ಔಷಧ ಕೊಡುತ್ತಲೇ ಇರಬೇಕು.

ಐದನೇ ಅಕ್ಷರಕ್ಕೆ ಯಾಕೆ ಅಷ್ಟು ಬೆಲೆ? ಯು1 ಅನ್ನುವ ಪುಟ್ಟ ಆರ್‌ಎನ್‌ಎ ಬಂದು ಅಂಟಿಕೊಳ್ಳುವ ಜಾಗ ಅದು. ಯು1ರಲ್ಲಿರುವ ಸಿ ಈ ಜಿಯನ್ನು ಹಿಡಿಯುತ್ತದೆ. ಜಿ ಹೋದರೆ ಹಿಡಿತ ಸಡಿಲ. ಯು1ಗೂ ಸ್ಪ್ಲೈಸಿಂಗ್‌ಗೂ ನಂಟು ಇರಬೇಕು ಅಂತ 1980ರಲ್ಲಿ ಬರೆದವರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೋನ್ ಸ್ಟೈಟ್ಜ್ ಮತ್ತು ಅವರ ವಿದ್ಯಾರ್ಥಿ ಮೈಕೆಲ್ ಲರ್ನರ್ ಇದ್ದರು. ಅವರ ಕೈಯಲ್ಲಿ ಇದ್ದದ್ದು ಲೂಪಸ್ ರೋಗಿಗಳ ರಕ್ತ. ಆ ರೋಗಿಗಳ ಆಂಟಿಬಾಡಿಗಳು ತಮ್ಮದೇ ದೇಹದ ಮೇಲೆ ಬೀಳುತ್ತವೆ, ಅವು ಹಿಡಿಯುವುದು ಏನನ್ನು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಯು1 ತರಹದ ಪುಟ್ಟ ಆರ್‌ಎನ್‌ಎಗಳು. ಥಲಸ್ಸೀಮಿಯಾದ ಹೆಸರೇ ಅಲ್ಲಿರಲಿಲ್ಲ. ಆ ಕೆಲಸ ಆಗದಿದ್ದರೆ ನನ್ನ ಪಿಎಚ್‌ಡಿಯಲ್ಲಿ ಕೇಳೋಕೆ ಪ್ರಶ್ನೆಯೇ ಇರುತ್ತಿರಲಿಲ್ಲ.

ಈಗ ನಿನ್ನ ಈಸ್ಟ್‌ಗೆ ಬರುತ್ತೇನೆ. ಲೀ ಹಾರ್ಟ್‌ವೆಲ್ ಅನ್ನುವ ವಿಜ್ಞಾನಿ ಬಿಸಿ ಹೆಚ್ಚಾದರೆ ಬೆಳೆಯದ ಈಸ್ಟ್‌ಗಳನ್ನು ಒಟ್ಟು ಹಾಕಿದ್ದರು. ಅವುಗಳಲ್ಲಿ ಕೆಟ್ಟಿದ್ದ ಹತ್ತು ಜೀನುಗಳು ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಕಟ್ಟಲು ಬೇಕಾದವು ಅಂತ 1970ರಲ್ಲಿ ಅವರೂ ಜೊತೆಗಾರರೂ ಬರೆದರು. ಆಗ ಸ್ಪ್ಲೈಸಿಂಗ್ ಅಂತ ಒಂದು ಇದೆ ಅನ್ನುವುದೇ ಜಗತ್ತಿಗೆ ಗೊತ್ತಿರಲಿಲ್ಲ, ಅದು ಬಂದದ್ದು 1977ರಲ್ಲಿ. ಆಮೇಲೆ ನೋಡಿದರೆ ಆ ಜೀನುಗಳು ಮಾಡುತ್ತಿದ್ದದ್ದು ಸ್ಪ್ಲೈಸಿಂಗ್ ಕೆಲಸ! ಈಸ್ಟ್‌ನಲ್ಲಿ ಇಂಟ್ರಾನ್ ಇರುವ ಜೀನುಗಳೇ ಕಡಿಮೆ, ಅವುಗಳಲ್ಲಿ ರೈಬೋಸೋಮ್ ಪ್ರೋಟೀನಿನವೇ ತುಂಬ, ಹಾಗಾಗಿ ಮೊದಲು ಪೆಟ್ಟು ಕಂಡದ್ದು ಅಲ್ಲಿ. ಆ ಹತ್ತರಲ್ಲಿ ಒಂದು ಪಿಆರ್‌ಪಿ8. 2001ರಲ್ಲಿ ಮನುಷ್ಯರಲ್ಲಿರುವ ಅದೇ ಜೀನು ಕೆಟ್ಟರೆ ಕಣ್ಣಿನ ಒಳಪದರ ರೆಟಿನಾ ಹಾಳಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಬರುತ್ತದೆ ಅಂತ ಗೊತ್ತಾಯಿತು. ಮೊದಲು ಇರುಳುಗಣ್ಣು, ಆಮೇಲೆ ಸುತ್ತಲಿನ ನೋಟ ಕಿರಿದಾಗುತ್ತಾ ಬರುವ ರೋಗ. ಸ್ಪ್ಲೈಸಿಂಗ್ ನಡೆಯದ ಅಂಗವೇ ದೇಹದಲ್ಲಿಲ್ಲ, ಹಾಗಿದ್ದರೆ ಪೆಟ್ಟು ರೆಟಿನಾಕ್ಕೇ ಯಾಕೆ? ಇದಕ್ಕೆ ಪೂರ್ತಿ ಉತ್ತರ ಇನ್ನೂ ಯಾರ ಹತ್ತಿರವೂ ಇಲ್ಲ ಅವ್ವಿ. ನಾನು ನಿನ್ನ ವಯಸ್ಸಿನಲ್ಲಿದ್ದರೆ ಇದೊಂದಕ್ಕೇ ಆ ಲ್ಯಾಬ್ ಸೇರುತ್ತಿದ್ದೆ.

ಔಷಧವೂ ಹೀಗೇ ಬಂದಿದೆ. ಸ್ನಾಯುಗಳು ಸೊರಗುತ್ತಾ ಹೋಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಇರುವ ಮಕ್ಕಳಲ್ಲಿ ಎಸ್‌ಎಂಎನ್1 ಜೀನು ಇರುವುದಿಲ್ಲ ಅಥವಾ ಕೆಟ್ಟಿರುತ್ತದೆ. ಅದರ ಜೊತೆಗಾರ ಎಸ್‌ಎಂಎನ್2 ಇರುತ್ತದೆ, ಆದರೆ ಸ್ಪ್ಲೈಸಿಂಗ್ ಆಗುವಾಗ ಏಳನೇ ಎಕ್ಸಾನ್, ಅಂದರೆ ಉಳಿಯಬೇಕಾದ ಏಳನೇ ತುಂಡು, ಬಹಳ ಸಲ ಬಿಟ್ಟುಹೋಗುತ್ತದೆ. ಆ ಎಕ್ಸಾನನ್ನು ಬಿಡದ ಹಾಗೆ ಮಾಡುವ ನ್ಯೂಸಿನರ್ಸೆನ್ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರ ಡಿಸೆಂಬರ್‌ನಲ್ಲಿ. ಅದರ ಹಿಂದೆ ಇದ್ದ ಏಡ್ರಿಯನ್ ಕ್ರೈನರ್ 1980ರ ದಶಕದಿಂದ, ವಿದ್ಯಾರ್ಥಿಯಾಗಿದ್ದಾಗಿನಿಂದ, ಸ್ಪ್ಲೈಸಿಂಗ್ ಹೇಗೆ ನಡೆಯುತ್ತದೆ ಅಂತಲೇ ನೋಡುತ್ತಾ ಬಂದವರು.

ನೀನು ಯಾವಾಗಲೂ ಹೇಳುವ ವಿಜ್ಞಾನಿ ಕಾಟಲಿನ್ ಕಾರಿಕೋ ಕತೆಯನ್ನೂ ಸ್ವಲ್ಪ ಬೇರೆ ಥರ ನೋಡು. 1985ರಲ್ಲಿ ಹಂಗೇರಿ ಬಿಟ್ಟರು, 1995ರಲ್ಲಿ ಹುದ್ದೆಯಲ್ಲಿ ಕೆಳಗಿಳಿದರು, 2023ರಲ್ಲಿ ನೊಬೆಲ್ ಬಂತು, ಎಲ್ಲ ಸರಿ. ಎಲ್ಲರೂ ಅವರ ಛಲದ ಬಗ್ಗೆ ಮಾತಾಡುತ್ತಾರೆ. ನನಗೆ ಅದಕ್ಕಿಂತ ಇಷ್ಟ ಒಂದು ಸಣ್ಣ ವಿಷಯ. ಪ್ರೋಟೀನಿನ ಸೂಚನೆ ಹೊತ್ತ ಎಂಆರ್‌ಎನ್‌ಎಯನ್ನು ಲ್ಯಾಬ್‌ನಲ್ಲಿ ಮಾಡಿ ಹಾಕಿದರೆ ಜೀವಕೋಶ ಕೆರಳುತ್ತಿತ್ತು, ಟಿಆರ್‌ಎನ್‌ಎ ಅನ್ನುವ ಇನ್ನೊಂದು ಬಗೆಯ ಆರ್‌ಎನ್‌ಎ ಹಾಕಿದರೆ ಸುಮ್ನೆ ಇರುತ್ತಿತ್ತು. ಯಾಕೆ ಅಂತ ಅವರೂ ಡ್ರೂ ವೈಸ್‌ಮನ್ನರೂ ಕೇಳಿದರು. ಟಿಆರ್‌ಎನ್‌ಎಯಲ್ಲಿ ಮಾರ್ಪಾಟಾದ ಅಕ್ಷರಗಳು ತುಂಬ ಇರುತ್ತವೆ ಅನ್ನುವುದು ಸುಳಿವಾಯಿತು. ಯುರಿಡಿನ್ ಅನ್ನುವ ಅಕ್ಷರದ ಬದಲು ಅದರ ಮಾರ್ಪಾಟಾದ ರೂಪ ಸ್ಯೂಡೋಯುರಿಡಿನ್ ಹಾಕಿದರೆ ಕೆರಳುವುದು ಕಡಿಮೆಯಾಗುತ್ತದೆ ಅಂತ 2005ರಲ್ಲಿ ಬರೆದರು. ಕೋವಿಡ್ ಎಂಆರ್‌ಎನ್‌ಎ ಲಸಿಕೆಗೆ ಬುನಾದಿ ಅದೇ.

ದಿನದ ಕೆಲಸ ಹೇಗಿರುತ್ತದೆ ಅಂತಲೂ ಹೇಳಿಬಿಡುತ್ತೇನೆ. ನಮ್ಮ ಬೆರಳಲ್ಲೇ ಆರ್‌ಎನ್‌ಎ ತಿನ್ನುವ ಎನ್‌ಜೈಮ್ ಇರುತ್ತದೆ. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟಿದರೆ ಆ ಗ್ಲೌಸ್ ತೆಗೆದು ಎಸೆ. ಸ್ಯಾಂಪಲ್ ಐಸ್ ಮೇಲೇ ಇರಬೇಕು, ಸಂಜೆ ಮೈನಸ್ 80ರ ಫ್ರೀಜರ್‌ಗೆ ಹೋಗಬೇಕು. ಆರ್‌ಎನ್‌ಎ ಹಾಯಿಸಿ ನೋಡುವ ಜೆಲ್ ಮೇಲೆ ಪಟ್ಟಿಗಳು ಕಾಣದೆ ಬರೀ ಮಸುಕು ಕಂಡ ದಿನ, ಅಂದರೆ ಆರ್‌ಎನ್‌ಎ ಹಾಳಾದ ದಿನ, ಊಟ ಬಿಡಬೇಡ. ಪಿಎಚ್‌ಡಿ ವಿದ್ಯಾರ್ಥಿಗೆ ಕೊಡುವ ಫೆಲೋಶಿಪ್ ಜೆಆರ್‌ಎಫ್ ಈಗ ತಿಂಗಳಿಗೆ 37,000 ರೂಪಾಯಿ, ಆದರೆ ತಿಂಗಳು ತಿಂಗಳು ಬರುತ್ತದೆ ಅಂತ ನಂಬಿ ಕೂರಬೇಡ, ತಡವಾದರೆ ಅಪ್ಪನಿಗೆ ಹೇಳು. ಮದುವೆ ಯಾವಾಗ ಅಂತ ಕೇಳುವವರಿಗೆ ಉತ್ತರ ನಾನು ಕೊಡುತ್ತೇನೆ, ನೀನು ಕೊಡಬೇಕಿಲ್ಲ.

ಕ್ಯಾನ್ಸರ್ ಲ್ಯಾಬ್ ಕೆಟ್ಟದ್ದು ಅಂತಲ್ಲ. ಅಲ್ಲಿ ಕೇಳುವ ಪ್ರಶ್ನೆ ಗಟ್ಟಿಯಾಗಿದ್ದರೆ ಅಲ್ಲಿಗೇ ಹೋಗು. ಎರಡೂ ಕಡೆ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡು. ಎಷ್ಟು ವರ್ಷ ಹಿಡಿಯಿತು, ಪೇಪರಿನಲ್ಲಿ ಮೊದಲ ಹೆಸರು ಅವರದೇ ಇತ್ತಾ, ಪ್ರಯೋಗ ಕೆಟ್ಟಾಗ ಗೈಡ್ ಹೇಗೆ ನಡೆದುಕೊಂಡರು, ಇಷ್ಟು ಕೇಳು. ಆಮೇಲೆ ಇಬ್ಬರು ಗೈಡ್‌ಗಳಿಗೂ ಮೇಲ್ ಹಾಕಿ ಒಂದು ವಾರ ಲ್ಯಾಬ್‌ನಲ್ಲಿ ಕೂರೋಕೆ ಬರ್ತೀನಿ ಅಂತ ಕೇಳು. ಈಸ್ಟ್ ಲ್ಯಾಬ್‌ನವರು ಹೂಂ ಅಂದರೆ ಪಿಆರ್‌ಪಿ8 ಬಗ್ಗೆ ಕೇಳಿ ನೋಡು, ಏನಂದರು ಅಂತ ಅವತ್ತೇ ರಾತ್ರಿ ನನಗೆ ಫೋನ್ ಮಾಡು.

ನಿನ್ನ
ಅವ್ವ